ಕಲ್ಲಿನ ಗೋಡೆ ದಾಟದ ವೈಫೈ: ಉದ್ದ ಮನೆಯ ಕೊನೆಯ ಖೋಲಿಗೆ ಇಂಟರ್ನೆಟ್ ಮುಟ್ಟಿಸುವುದು ಹೇಗೆ?

ಪ್ರಶ್ನೆ: ನಮ್ಮದು ಜಮಖಂಡಿ ಊರೊಳಗಿನ ಹಳೇ ಕಲ್ಲಿನ ಮನಿ ರೀ. ಮುಂದ ಪಡಸಾಲಿ, ಆಮ್ಯಾಲೆ ನಡುಮನಿ, ಅಡಗಿಮನಿ, ಕಡೀಕ ಹಿಂದಿನ ಖೋಲಿ. ತಲಬಾಗಿಲದಿಂದ ಹಿತ್ತಲ ಬಾಗಿಲದ ತನಕ ಸುಮಾರು 90 ಫೂಟ್ ಉದ್ದ ಐತಿ, ನಡುವಿನ ಗ್ವಾಡಿ ಒಂದೊಂದೂ ಎರಡು ಫೂಟ್ ದಪ್ಪ. ಫೈಬರ್ ಲೈನ್ 100 ಎಂಬಿಪಿಎಸ್‌ದು, ರೌಟರ್ ಪಡಸಾಲಿ ಗ್ವಾಡಿಯ ಮಾಡದಾಗ ಇಟ್ಟೇವಿ. ಪಡಸಾಲ್ಯಾಗ ಛಲೋ ಓಡತೈತಿ, ನಡುಮನ್ಯಾಗ ನಿಂತ ನಿಂತ ಓಡತೈತಿ, ಮಗಳು ಓದಾಕ ಕುಂಡ್ರೋ ಹಿಂದಿನ ಖೋಲ್ಯಾಗ ಏನೂ ಬರೂದಿಲ್ಲ. ಅಡಗಿಮನಿ ಮ್ಯಾಲೆ ಸ್ಲ್ಯಾಬ್ ಹಾಕಿಸಿ ಕಟ್ಟಿಸಿದ ಖೋಲ್ಯಾಗ ಮಗ ಆಫೀಸಿನ ಕೆಲಸ ಮಾಡ್ತಾನ, ಅಲ್ಲೂ ಇಲ್ಲ. ಹಿತ್ತಲದಾಗ 60 ಫೂಟ್ ಆಚೆ ದನದ ಕೊಟ್ಟಿಗಿ ಐತಿ, ಅಲ್ಲೊಂದು ಕ್ಯಾಮೆರಾ ಕುಂಡರಿಸಬೇಕಂತ ಮಾಡೇವಿ. ಅಂಗಡ್ಯಾಂವ ಹೇಳಿದಂಗ ರಿಪೀಟರ್ ತಂದು ಹಿಂದಿನ ಖೋಲ್ಯಾಗ ಹಚ್ಚೇವಿ. ಮೊಬೈಲಿನ್ಯಾಗ ಕಡ್ಡಿ ಪೂರ್ತಿ ತೋರಸ್ತಾವು, ಒಂದ ಪೇಜೂ ತೆರೆಯೂದಿಲ್ಲ. ಇನ್ನೂ ದೊಡ್ಡ ರೌಟರ್ ತರಬೇಕೋ, ಮೆಶ್ ಹಾಕಸಬೇಕೋ?

ಉತ್ತರ: ಸದ್ಯಕ್ಕೆ ದೊಡ್ಡ ರೌಟರೂ ಬೇಡ, ಮೆಶ್ (ಒಂದಕ್ಕೊಂದು ವೈಫೈಯಲ್ಲೇ ಮಾತಾಡುವ ಡಬ್ಬಿಗಳ ಸೆಟ್ಟು) ಕೂಡ ಬೇಡ. ಎರಡು ಫೂಟ್ ದಪ್ಪದ ಕಲ್ಲಿನ ಗೋಡೆಗಳನ್ನು ಒಂದರ ಹಿಂದೆ ಒಂದರಂತೆ ಮೂರು ದಾಟುವ ಶಕ್ತಿ ಮನೆಬಳಕೆಯ ಯಾವ ರೌಟರಿನ ಅಲೆಗೂ ಇಲ್ಲ, ಅದರ ಬೆಲೆ ಎಷ್ಟೇ ಇರಲಿ. ನಿಮ್ಮ ಮನೆಗೆ ಆಗುವ ಕೆಲಸ ಇಷ್ಟೇ: ಗೋಡೆಗಳಾಚೆಗೆ ಒಂದು ಕೇಬಲ್ ಒಯ್ದು, ಅಲ್ಲಿ ಹೊಸದಾಗಿ ವೈಫೈ ಹುಟ್ಟಿಸುವುದು. ಸುಮಾರು 60 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಎರಡು ಸಾಧಾರಣ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡುವ) ರೌಟರ್, ಒಂದಿಷ್ಟು ಪಿವಿಸಿ ಪೈಪು. ಒಳ್ಳೆಯ ಮೆಶ್ ಸೆಟ್ಟಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ, ವರ್ಷಗಟ್ಟಲೆ ತಂಟೆ ಕೊಡುವುದಿಲ್ಲ.

ಮೊದಲು ಆ ರಿಪೀಟರಿನ ವಿಷಯ. ಮೊಬೈಲಿನ ಕಡ್ಡಿಗಳು ತೋರಿಸುವುದು ಮೊಬೈಲಿಗೂ ರಿಪೀಟರಿಗೂ ನಡುವಿನ ಸಿಗ್ನಲ್ ಮಾತ್ರ. ರಿಪೀಟರ್ ಅದೇ ಖೋಲಿಯಲ್ಲಿರುವುದರಿಂದ ಕಡ್ಡಿ ತುಂಬಿ ನಿಂತಿವೆ. ಆದರೆ ಆ ರಿಪೀಟರಿಗೆ ಪಡಸಾಲೆಯಿಂದ ಬರಬೇಕಾದ ಸಿಗ್ನಲ್ ಮೂರು ಗೋಡೆಗಳಲ್ಲಿ ಸತ್ತೇ ಬರುತ್ತಿದೆ. ಸತ್ತದ್ದನ್ನು ಅದು ಜೋರಾಗಿ ಹೇಳುತ್ತಿದೆ, ಅಷ್ಟೇ. ಸಿಗ್ನಲ್ ಇಲ್ಲದ ಜಾಗದಲ್ಲಿ ರಿಪೀಟರ್ ಹಚ್ಚುವುದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು; ಅದನ್ನು ಹಚ್ಚಬೇಕಾದದ್ದು ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕೊನೆಯ ಜಾಗದಲ್ಲಿ. ಅಲ್ಲಿ ಹಚ್ಚಿದರೂ ಇನ್ನೊಂದು ಕೊರತೆ ಉಳಿಯುತ್ತದೆ. ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಪ್ರತಿಯೊಂದು ಮಾಹಿತಿಯನ್ನೂ ಮೊದಲು ಕೇಳಿಸಿಕೊಂಡು, ಆಮೇಲೆ ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳಬೇಕು. ಹೀಗಾಗಿ ಸಿಗುವ ವೇಗ ಅರ್ಧಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ.

ದೊಡ್ಡ ರೌಟರಿನ ಕತೆಯೂ ಬೇರೆ ಅಲ್ಲ. ವೈಫೈ ಎಂದರೆ ಎರಡೂ ಕಡೆಯ ಮಾತುಕತೆ. ಎಂಟು ಆಂಟೆನಾದ ರೌಟರ್ ಕೂಗಿದ್ದು ಮೊಬೈಲಿಗೆ ಕೇಳಿಸಿದರೂ, ಮೊಬೈಲಿನ ಪುಟ್ಟ ಆಂಟೆನಾ ಕೊಟ್ಟ ಉತ್ತರ ಅಷ್ಟು ಗೋಡೆ ದಾಟಿ ವಾಪಸ್ಸು ಹೋಗಬೇಕಲ್ಲ! ಕಡ್ಡಿ ಎರಡು ತೋರಿಸುತ್ತದೆ, ವಾಟ್ಸ್‌ಆ್ಯಪ್ ಸಂದೇಶ ಮಾತ್ರ ಗಡಿಯಾರದ ಗುರುತಿನಲ್ಲೇ ನಿಲ್ಲುತ್ತದೆ ಎನ್ನುವವರ ಮನೆಗಳಲ್ಲಿ ಬಹಳ ಸಲ ನಡೆಯುತ್ತಿರುವುದು ಇದೇ.

ಇನ್ನು ಅಳತೆ. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ, ಏಕೆಂದರೆ ಖರ್ಚು ಮಾಡುವ ಪ್ರತಿ ರೂಪಾಯಿ ಎಲ್ಲಿಗೆ ಹೋಗಬೇಕೆಂದು ಹೇಳುವುದು ಇದೇ. ಮೊದಲು ಒಂದು ಲ್ಯಾಪ್‌ಟಾಪನ್ನು ಗಿಡ್ಡ ಕೇಬಲ್‌ನಿಂದ ರೌಟರಿನ ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳ ಕೇಬಲ್ ಚುಚ್ಚುವ ಕಿಂಡಿ) ನೇರವಾಗಿ ಜೋಡಿಸಿ, ವೈಫೈ ಬಂದ್ ಮಾಡಿ, ಸ್ಪೀಡ್ ಟೆಸ್ಟ್ ಮಾಡಿ. 100 ಎಂಬಿಪಿಎಸ್ ಪೋರ್ಟಿನಲ್ಲಿ 90ರಿಂದ 95ರ ಒಳಗೆ ಬಂದರೆ ಲೈನು ಸರಿಯಾಗಿದೆ. ಅಲ್ಲೇ 30–40 ಬರುತ್ತಿದ್ದರೆ ತೊಂದರೆ ಮನೆಯ ಹೊರಗಿದೆ. ಲೈನ್‌ಮನ್‌ಗೆ ಹೇಳಿ ಫೈಬರಿನ ಬೆಳಕಿನ ಮಟ್ಟ ನೋಡಿಸಿ. ಅದು ಮೈನಸ್ 25 ಡಿಬಿಎಂಗಿಂತ (ಡಿಬಿಎಂ ಎಂದರೆ ಸಿಗ್ನಲ್ಲಿನ ಶಕ್ತಿ ಅಳೆಯುವ ಮಾನ) ಕೆಳಗೆ ಜಾರಿ ಮೈನಸ್ 27ರ ಹತ್ತಿರ ಹೋಗಿದ್ದರೆ ಎಲ್ಲೋ ಫೈಬರ್ ಮಡಚಿದೆ ಅಥವಾ ಜೋಡಣೆಯಲ್ಲಿ ಧೂಳು ಕೂತಿದೆ.

ಲೈನು ಸರಿ ಇದ್ದರೆ ಆಂಡ್ರಾಯ್ಡ್ ಮೊಬೈಲಿನಲ್ಲಿ ಯಾವುದಾದರೂ ವೈಫೈ ಅನಲೈಜರ್ ಆ್ಯಪ್ ಹಾಕಿಕೊಳ್ಳಿ. ಲೊಕೇಶನ್ ಚಾಲೂ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಪ್ರತಿ ಖೋಲಿಯಲ್ಲೂ ಮಗ ಅಥವಾ ಮಗಳು ಕೂರುವ ಜಾಗದಲ್ಲೇ ನಿಂತು, ಅರ್ಧ ನಿಮಿಷ ಕಾದು, ಕಾಣುವ ಡಿಬಿಎಂ ಸಂಖ್ಯೆ ಬರೆದುಕೊಳ್ಳಿ. 2.4 ಗಿಗಾಹರ್ಟ್ಸ್‌ಗೆ ಒಂದು, 5 ಗಿಗಾಹರ್ಟ್ಸ್‌ಗೆ ಒಂದು. ಸಂಖ್ಯೆ ಮೈನಸ್ಸಿನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಎಂದರೆ ಭರ್ಜರಿ. ಮೈನಸ್ 65ರ ತನಕ ವಿಡಿಯೊ ಕ್ಲಾಸು ನಿಲ್ಲದೆ ನಡೆಯುತ್ತದೆ. ಮೈನಸ್ 75ಕ್ಕೆ ತಡವರಿಸುತ್ತದೆ, ಮೈನಸ್ 85ಕ್ಕೆ ಹೆಸರು ಮಾತ್ರ ಕಾಣುತ್ತದೆ.

ಈ ಲೆಕ್ಕದಲ್ಲಿ 3 ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತನೇ ಒಂದು ಪಾಲಾಯಿತು. ಒಂದು ಗೋಡೆ 20 ನುಂಗಿದರೆ ಉಳಿಯುವುದು ನೂರನೇ ಒಂದು ಪಾಲು. ಅಂಥವೇ ಎರಡು ಗೋಡೆ ದಾಟಿದರೆ ಹತ್ತು ಸಾವಿರದಲ್ಲಿ ಒಂದು ಪಾಲು. ನಿಮ್ಮ ಗೋಡೆ ಎಷ್ಟು ನುಂಗುತ್ತದೆಂದು ತಿಳಿಯಲು ಗೋಡೆಯ ಈಚೆ ಒಂದು ಅಳತೆ, ಆಚೆ ಒಂದು ಅಳತೆ ತೆಗೆದುಕೊಂಡು ಕಳೆಯಿರಿ. ಅಳೆಯುವಾಗ ಬಾಗಿಲಿನಿಂದ ದೂರ ನಿಲ್ಲಿ. ಇಲ್ಲದಿದ್ದರೆ ಬಾಗಿಲಿನಿಂದ ನುಸುಳಿ ಬಂದ ಅಲೆಯನ್ನು ಅಳೆದಂತಾಗುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು ಕೊಡುತ್ತದೆ, ಆದರೆ ಕಲ್ಲಿನಲ್ಲಿ 2.4ಕ್ಕಿಂತ ಬೇಗ ಸೋಲುತ್ತದೆ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಅಲೆ ಗೋಡೆಯನ್ನು ಓರೆಯಾಗಿ ದಾಟಿದರೆ ಗೋಡೆಯ ದಪ್ಪ ಹೆಚ್ಚಿದಂತೆ. ಎರಡು ಫೂಟಿನ ಗೋಡೆಯನ್ನು 45 ಡಿಗ್ರಿ ಓರೆಯಲ್ಲಿ ದಾಟುವ ಅಲೆ ಸುಮಾರು 2.8 ಫೂಟ್ ಕಲ್ಲು ಸವೆಸಬೇಕು, 60 ಡಿಗ್ರಿ ಓರೆಯಾದರೆ 4 ಫೂಟು. ಮಳೆಗಾಲದಲ್ಲಿ ಮಣ್ಣಿನ ಗಾರೆ ತೇವ ಹಿಡಿದರೆ ಇನ್ನಷ್ಟು ನುಂಗುತ್ತದೆ. ದಾರಿಯಲ್ಲಿ ಕಬ್ಬಿಣದ ತಿಜೋರಿ, ಫ್ರಿಜ್, ದೊಡ್ಡ ಕನ್ನಡಿ, ಹಿತ್ತಾಳೆ-ಸ್ಟೀಲು ಪಾತ್ರೆ ಜೋಡಿಸಿದ ಸಾಲು, ನೀರಿನ ಡ್ರಮ್ಮು, ಜೋಳದ ಚೀಲಗಳ ಒಟ್ಟಿಲು ಇದ್ದರೆ ಅವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ.

ಈಗ ದುಡ್ಡಿಲ್ಲದೆ ಆಗುವ ಕೆಲಸ. ರೌಟರನ್ನು ಇವತ್ತೇ ಆ ಮಾಡದಿಂದ ಹೊರಗೆ ತೆಗೆಯಿರಿ. ಗೋಡೆಯ ಮಾಡ ಎಂದರೆ ಹಿಂದೆ, ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಕಲ್ಲು; ಅಲೆಗೆ ತೆರೆದಿರುವುದು ಒಂದೇ ಮುಖ, ಅದೂ ಪಡಸಾಲೆಯ ಕಡೆಗೆ. ಹಳೆಯ ಮನೆಗಳಲ್ಲಿ ತಲಬಾಗಿಲು, ನಡುಮನೆಯ ಬಾಗಿಲು, ಅಡುಗೆಮನೆಯ ಬಾಗಿಲು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ನಿಮ್ಮಲ್ಲೂ ಹಾಗಿದ್ದರೆ ಆ ಗೆರೆಗೆ ಎದುರಾಗಿ, ಆರು ಫೂಟ್ ಎತ್ತರದಲ್ಲಿ, ಗೋಡೆಯಿಂದ ನಾಲ್ಕು ಬೆರಳು ಮುಂದೆ ಒಂದು ಮರದ ಹಲಗೆ ಬಡಿಸಿ ರೌಟರ್ ಇಡಿ. ಮರದ ಬಾಗಿಲು ಮುಚ್ಚಿದ್ದರೂ ಅಲೆಗೆ ಅಂಥ ಅಡ್ಡಿಯಲ್ಲ. ಉದ್ದನೆಯ ಕಡ್ಡಿ ಆಂಟೆನಾದಿಂದ ಅಲೆ ಹರಡುವ ಆಕಾರ ಉದ್ದಿನ ವಡೆಯಂತೆ, ಆಂಟೆನಾ ನಡುವಿನ ತೂತಿನಲ್ಲಿ ನಿಂತಂತೆ ಇರುತ್ತದೆ: ಸುತ್ತಲೂ ಚೆನ್ನಾಗಿ ಹರಡುತ್ತದೆ, ಕಡ್ಡಿಯ ತುದಿಯ ನೇರಕ್ಕೆ ಬಹಳ ಕಡಿಮೆ. ಆದ್ದರಿಂದ ನೆಲಮಟ್ಟದ ಖೋಲಿಗಳಿಗೆ ಆಂಟೆನಾ ನೆಟ್ಟಗೆ ನಿಲ್ಲಿಸಿ. ಆಂಟೆನಾವನ್ನು ಹಿಂದಿನ ಖೋಲಿಯ ಕಡೆಗೆ ಬಂದೂಕಿನಂತೆ ತಿರುಗಿಸಿದರೆ ಅಲ್ಲಿಗೆ ಹೋಗುವ ಅಲೆ ಕಡಿಮೆಯೇ ಆಗುತ್ತದೆ. ರೌಟರ್ ಸರಿಸುವಾಗ ಫೈಬರ್ ಎಳೆಯನ್ನು ಬಿಗಿಯಾಗಿ ಎಳೆಯಬೇಡಿ, ಮುಷ್ಟಿಗಿಂತ ಚಿಕ್ಕ ಸುರುಳಿ ಸುತ್ತಬೇಡಿ. ಕೆಂಪು ದೀಪ ಹತ್ತಿತೆಂದರೆ ಬೆಳಕು ಬರುತ್ತಿಲ್ಲವೆಂದು ಅರ್ಥ.

ಇಷ್ಟಕ್ಕೇ ನಡುಮನೆ ಸರಿಹೋಗುವ ಸಾಧ್ಯತೆ ಹೆಚ್ಚು. ಹಿಂದಿನ ಖೋಲಿ, ಮೇಲಿನ ಖೋಲಿ ಸರಿಹೋಗುವುದಿಲ್ಲ. ಅವಕ್ಕೆ ಕೇಬಲ್ಲೇ ಬೇಕು.

ಕೇಬಲ್ ಕೊಳ್ಳುವಾಗ ಮೂರು ವಿಷಯ ನೋಡಿ. ಒಂದು, ಒಳಗಿನ ಎಳೆ ಶುದ್ಧ ತಾಮ್ರದ್ದಾಗಿರಬೇಕು. ಅಗ್ಗದ ಕೇಬಲ್ಲಿನಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ ಎನ್ನಿ. ಅಂಥ ಎಳೆ ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ, ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವಾಗ ದಾರಿಯಲ್ಲೇ ವೋಲ್ಟೇಜು ಕಳೆಯುತ್ತದೆ. ಎರಡು, ಮಾಳಿಗೆಯ ಮೇಲೆ ಅಥವಾ ಹೊರಗೋಡೆಯ ಮೇಲೆ ಹೋಗುವುದಾದರೆ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ಲೇ ಆಗಬೇಕು. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಒಳಬಳಕೆಯ ಬೂದು ಕೇಬಲ್ಲಿನ ಹೊದಿಕೆ ಆ ಬಿಸಿಲಿಗೆ ಸೀಳು ಬಿಟ್ಟು, ಮೊದಲ ಮಳೆಗೆ ನೀರು ಕುಡಿಯುತ್ತದೆ. ಮೂರು, ಉದ್ದ. ನಿಮ್ಮ ಮನೆ 90 ಫೂಟ್, ಅಂದರೆ 27 ಮೀಟರ್ ಚಿಲ್ಲರೆ. ಮೇಲೇರಿ ಇಳಿಯುವುದು, ಮೂಲೆ ಸುತ್ತುವುದು ಸೇರಿ ಹಿಂದಿನ ಖೋಲಿಗೆ 40 ಮೀಟರ್, ಅಲ್ಲಿಂದ ಮೇಲಿನ ಖೋಲಿಗೆ 15 ಮೀಟರ್ ಹಿಡಿಯಿರಿ. ಒಂದು ತುಂಡು 100 ಮೀಟರ್ ಮೀರಬಾರದೆಂಬುದು ನಿಯಮ, ನೀವು ಅದರ ಹತ್ತಿರವೂ ಇಲ್ಲ. ನಡುವೆ ಎಲ್ಲೂ ತುಂಡು ಜೋಡಿಸಬೇಡಿ.

ಕಲ್ಲು ಕೊರೆಸುವ ಮೊದಲು ದಾರಿ ಹುಡುಕಿ. ಬಾಗಿಲ ಚೌಕಟ್ಟಿನ ಮೇಲಿನ ಸಂದು, ಮಾಳಿಗೆಯ ಬೆಳಕಿಂಡಿ, ತೊಲೆ ಗೋಡೆಗೆ ಕೂತ ಜಾಗದ ಕಿಂಡಿ, ಹಳೆಯ ವೈರಿಂಗ್ ಹೋದ ತೂತು, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಕ್ಯಾಟ್ 6 ಕೇಬಲ್ಲಿನ ದಪ್ಪ 6 ಮಿಲಿಮೀಟರ್ ಆಸುಪಾಸು. ತುದಿಗೆ ಪ್ಲಗ್ ಹಾಕದೆ ಎಳೆದರೆ 10 ಮಿಲಿಮೀಟರ್ ತೂತು ಸಾಕು. ಬೆಳಕಿಂಡಿಯಿಂದ ಹೊರಗೆ ತೆಗೆದು ಮಾಳಿಗೆಯ ಮೇಲೆ ಒಯ್ಯುವುದಾದರೆ 25 ಮಿಲಿಮೀಟರ್ ಪಿವಿಸಿ ಪೈಪಿನೊಳಗೆ ಹಾಕಿ. ಬಿಸಿಲು, ಇಲಿ, ಮಂಗ ಮೂರಕ್ಕೂ ಅದೇ ಕವಚ. ಒಳಗೆ ಬರುವ ಮುನ್ನ ಕೇಬಲ್ಲನ್ನು ತೂತಿಗಿಂತ ಒಂದು ಗೇಣು ಕೆಳಗೆ ಇಳಿಬಿಟ್ಟು ಮೇಲೆ ತಿರುಗಿಸಿ. ಮಳೆನೀರು ಕೇಬಲ್ ಹಿಡಿದು ಒಳಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಕೊರೆಯಲೇಬೇಕಾದರೆ ಗೋಡೆಯ ಒಳಗೇನಿದೆ ಎಂಬುದು ನೆನಪಿರಲಿ. ಇಂಥ ಗೋಡೆಗಳಲ್ಲಿ ಎರಡೂ ಮುಖಕ್ಕೆ ಕೆತ್ತಿದ ಕಲ್ಲು, ನಡುವೆ ಸಣ್ಣ ಕಲ್ಲು-ಮಣ್ಣಿನ ತುಂಬು. ಕಲ್ಲಿನ ನಡುವೆ ಕೊರೆಯದೆ ಎರಡು ಕಲ್ಲು ಕೂಡುವ ಸಂದಿನಲ್ಲಿ ಕೊರೆಸಿ. 16 ಮಿಲಿಮೀಟರ್ ದಪ್ಪದ, ಎರಡು ಫೂಟಿಗಿಂತ ಉದ್ದದ ಡ್ರಿಲ್ ಬಿಟ್ ಬೇಕು. ಹ್ಯಾಮರ್ ಹೊಡೆತ ಮೆಲ್ಲಗಿರಲಿ. ಜೋರು ಮಾಡಿದರೆ ನಡುವಿನ ಮಣ್ಣು ಉದುರಿ ತೂತು ಮುಚ್ಚಿಕೊಳ್ಳುತ್ತದೆ, ಆಚೆ ಮುಖದ ಗಾರೆ ಹಪ್ಪಳೆಯಾಗಿ ಬೀಳುತ್ತದೆ. ಡ್ರಿಲ್ ಬಿಟ್ ಹೊರತೆಗೆದ ಕೂಡಲೇ ಒಂದು ಸಣ್ಣ ಪೈಪು ತೂರಿಸಿ ಅಲ್ಲೇ ಬಿಡಿ. ಹೊರಗೋಡೆಯಾದರೆ ತೂತು ಹೊರಗಡೆಗೆ ಕೊಂಚ ಇಳಿಜಾರಾಗಿರಲಿ.

ಕರೆಂಟಿನ ವೈರಿರುವ ಪೈಪಿನಲ್ಲಿ ಈ ಕೇಬಲ್ಲನ್ನು ಸೇರಿಸಬೇಡಿ. ಒಂದು ಗೇಣು ದೂರವಿರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಮೊಳೆಯ ಕ್ಲಿಪ್ಪನ್ನು ಕೇಬಲ್ ಜಜ್ಜುವಷ್ಟು ಬಡಿಯಬೇಡಿ.

ತುದಿಗೆ ಆರ್‌ಜೆ45 ಪ್ಲಗ್ ಹಾಕುವಾಗ ಎರಡೂ ಕಡೆ ಒಂದೇ ಕ್ರಮ. ಪ್ಲಗ್ಗಿನ ಚಿಲಕ ಕೆಳಗಿರುವಂತೆ ಹಿಡಿದು, ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತಬೇಕು. ನಾಲ್ಕೇ ಎಳೆ ಸರಿ ಇದ್ದರೂ ಇಂಟರ್ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ; ಸಾವಿರಕ್ಕೆ ಎಂಟೂ ಬೇಕು. ಇವತ್ತಿನ ನಿಮ್ಮ ಪ್ಲ್ಯಾನಿಗೆ ವ್ಯತ್ಯಾಸ ಕಾಣದಿದ್ದರೂ ಗೋಡೆಯೊಳಗೆ ಹೋದ ಕೇಬಲ್ಲನ್ನು ಮತ್ತೆ ಯಾರು ತೆಗೆಯುತ್ತಾರೆ? ಈಗಲೇ ಸರಿಯಾಗಿ ಮಾಡಿಸಿ.

ಇನ್ನು ಹಿಂದಿನ ಖೋಲಿಯ ರೌಟರ್. ಕಪಾಟಿನಲ್ಲಿ ಹಳೆಯ ಡ್ಯುಯಲ್ ಬ್ಯಾಂಡ್ ರೌಟರ್ ಬಿದ್ದಿದ್ದರೆ ಅದೇ ಸಾಕು. ಅದನ್ನು ಇಲ್ಲಿ ಆ್ಯಕ್ಸೆಸ್ ಪಾಯಿಂಟ್ ಆಗಿ ಬಳಸಬೇಕು, ಅಂದರೆ ಕೇಬಲ್ಲಿನಲ್ಲಿ ಬಂದದ್ದನ್ನು ವೈಫೈ ಮಾಡಿ ಬಿಡುವುದಷ್ಟೇ ಅದರ ಕೆಲಸ. ಮನೆಯ ಯಜಮಾನಿಕೆ ಪಡಸಾಲೆಯ ರೌಟರಿನದೇ. ಹೊಂದಿಸುವ ತನಕ ಮುಖ್ಯ ಕೇಬಲ್ ಜೋಡಿಸಬೇಡಿ. ಹಿಂದಿನ ರೀಸೆಟ್ ಗುಂಡಿಯನ್ನು ಪಿನ್ನಿನಿಂದ 10 ಸೆಕೆಂಡ್ ಒತ್ತಿ ಹಳೆಯದೆಲ್ಲ ಅಳಿಸಿ, ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಜೋಡಿಸಿ, ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುವ ವಿಳಾಸ (ಬಹುತೇಕ 192.168.0.1 ಅಥವಾ 192.168.1.1) ಬ್ರೌಸರಿನಲ್ಲಿ ತೆರೆಯಿರಿ. ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ, ವೈಫೈ ಹೆಸರು-ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು.

ಆ ಆಯ್ಕೆ ಇಲ್ಲದ ಹಳೆಯ ರೌಟರಿನಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲು ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರನ್ನೂ ಪಡಸಾಲೆಯ ರೌಟರಿನಂತೆಯೇ ಅಕ್ಷರಶಃ ಕೊಡಿ. ಆಮೇಲೆ ಅದರ ಲ್ಯಾನ್ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಿಸಿ: ಪಡಸಾಲೆಯದ್ದು 192.168.1.1 ಆಗಿದ್ದರೆ ಇದಕ್ಕೆ 192.168.1.250 ಕೊಡಿ, ಮತ್ತು ಮುಖ್ಯ ರೌಟರ್ ಹಂಚುವ ವಿಳಾಸಗಳ ಸಾಲಿನಲ್ಲಿ 250 ಬರದಂತೆ ಅದನ್ನು 200ಕ್ಕೆ ನಿಲ್ಲಿಸಿ. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಕೊನೆಗೆ ಡಿಎಚ್‌ಸಿಪಿ (ಮೊಬೈಲು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಬಂದ್ ಮಾಡಿ. ಇದನ್ನೇ ಮೊದಲು ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ಅರ್ಧದಲ್ಲೇ ಹೊರಗುಳಿಯುತ್ತೀರಿ. ಈಗ ಪಡಸಾಲೆಯಿಂದ ಬಂದ ಕೇಬಲ್ಲನ್ನು ಇದರ ಲ್ಯಾನ್ ಪೋರ್ಟಿಗೆ ಚುಚ್ಚಿ. ಬೇರೆ ಬಣ್ಣದ ವ್ಯಾನ್ ಪೋರ್ಟ್ (ಹೊರಗಿನ ಲೈನು ಬರುವ ಕಿಂಡಿ) ಖಾಲಿ ಇರಲಿ.

ಇಲ್ಲಿ ಆಗುವ ಎಡವಟ್ಟುಗಳು ಗೊತ್ತಿದ್ದರೆ ಹುಡುಕಾಟ ಉಳಿಯುತ್ತದೆ. ಕೇಬಲ್ ವ್ಯಾನ್ ಪೋರ್ಟಿಗೆ ಹೋದರೆ ಇಂಟರ್ನೆಟ್ ಬರುತ್ತದೆ, ಆದರೆ ಮನೆ ಎರಡು ಬೇರೆ ಜಾಲಗಳಾಗಿ ಒಡೆಯುತ್ತದೆ. ಹಿಂದಿನ ಖೋಲಿಯ ಪ್ರಿಂಟರು ಮುಂದಿನವರಿಗೆ ಸಿಗುವುದಿಲ್ಲ. ಡಿಎಚ್‌ಸಿಪಿ ಬಂದ್ ಮಾಡದಿದ್ದರೆ ಎರಡೂ ರೌಟರು ವಿಳಾಸ ಹಂಚಲು ಹೊರಟು, ಯಾರ ಮೊಬೈಲಿಗೆ ಯಾವುದು ಸಿಕ್ಕಿತೋ ಅದರಂತೆ ಕೆಲವರಿಗೆ ನೆಟ್ ಇದೆ, ಕೆಲವರಿಗೆ ಇಲ್ಲ. ಇದು ಬಂದು ಹೋಗುವ ಕಾಯಿಲೆಯಾದ್ದರಿಂದ ಲೈನ್‌ಮನ್‌ನನ್ನು ವೃಥಾ ಬೈಯುವಂತಾಗುತ್ತದೆ. ಎರಡಕ್ಕೂ ಒಂದೇ ಐಪಿ ವಿಳಾಸ ಉಳಿದರೆ ಇಡೀ ಮನೆ ತಡವರಿಸುತ್ತದೆ. ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ರೌಟರಿನ ಲ್ಯಾನ್ ಪೋರ್ಟುಗಳಿಗೆ ಹೋದರೆ ಮಾಹಿತಿ ಗಾಣದೆತ್ತಿನಂತೆ ಸುತ್ತಿ ಎಲ್ಲವೂ ನಿಲ್ಲುತ್ತದೆ, ದೀಪಗಳು ಮಾತ್ರ ಹುಚ್ಚು ಹಿಡಿದಂತೆ ಮಿಣುಕುತ್ತವೆ.

ಚಾನೆಲ್ಲುಗಳನ್ನು ‘ಆಟೊ’ಗೆ ಬಿಡದೆ ಕೈಯಾರೆ ಕೊಡಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಮಾತ್ರ. ಪಡಸಾಲೆಗೆ 1, ಹಿಂದಿನ ಖೋಲಿಗೆ 6, ಮೇಲಿನದಕ್ಕೆ 11. ಅಗಲ 20 ಮೆಗಾಹರ್ಟ್ಸ್. 40 ಇಟ್ಟರೆ ವೇಗ ಹೆಚ್ಚುತ್ತದೆಂದು ಆಸೆ ಪಡಬೇಡಿ, ಗೋಡೆಗೆ ಗೋಡೆ ಹೊಂದಿದ ಪೇಟೆಯ ಮನೆಗಳಲ್ಲಿ ನೆರೆಯವರ ವೈಫೈ ಜೊತೆ ತಿಕ್ಕಾಟವೇ ಹೆಚ್ಚು. 5 ಗಿಗಾಹರ್ಟ್ಸಿನಲ್ಲಿ ಮುಂದೆ 36, ಹಿಂದೆ 149, ಮೇಲೆ ಮತ್ತೆ 36, ಅಗಲ 80. ನಿಮ್ಮ ಕಲ್ಲಿನ ಗೋಡೆಗಳು ಇಲ್ಲಿ ಉಪಕಾರವನ್ನೇ ಮಾಡುತ್ತವೆ: ಮುಂದಿನ 36 ಮೇಲಿನ 36ಕ್ಕೆ ಕೇಳಿಸುವುದೇ ಇಲ್ಲ.

ಹೆಸರು ಒಂದೇ ಇದ್ದರೆ ಮನೆಯಲ್ಲಿ ನಡೆದಾಡುವಾಗ ಮೊಬೈಲ್ ತಾನೇ ಹತ್ತಿರದ ರೌಟರಿಗೆ ಜಿಗಿಯಬೇಕು. ಕೆಲವು ಮೊಬೈಲುಗಳು ಹಳೆಯದನ್ನೇ ಹಿಡಿದುಕೊಂಡು ಕೂರುತ್ತವೆ. ಹಾಗಾದರೆ ಪಡಸಾಲೆಯ ರೌಟರಿನ ಟ್ರಾನ್ಸ್‌ಮಿಟ್ ಪವರನ್ನು ‘ಮೀಡಿಯಮ್’ಗೆ ಇಳಿಸಿ. ಅದರ ಅಲೆ ನಡುಮನೆಗೆ ಮುಗಿದರೆ ಮೊಬೈಲ್ ಬೇಗ ಬಿಟ್ಟುಕೊಡುತ್ತದೆ.

ಮೇಲಿನ ಖೋಲಿಗೆ ಬೇರೆ ದಾರಿ ಹುಡುಕಬೇಡಿ. ಸ್ಲ್ಯಾಬಿನ ಕಬ್ಬಿಣದ ಜಾಲರಿ ಅಲೆಯನ್ನು ತಡೆಯುತ್ತದೆ. ಮೆಟ್ಟಿಲ ಬಾಯಿಯಿಂದ ನುಸುಳಿ ಬರುವುದನ್ನು ನಂಬಿ ಆಫೀಸಿನ ಮೀಟಿಂಗು ನಡೆಯುವುದಿಲ್ಲ. ಹಿಂದಿನ ಖೋಲಿಯ ರೌಟರಿನಲ್ಲಿ ಉಳಿದ ಲ್ಯಾನ್ ಪೋರ್ಟಿನಿಂದ ಇನ್ನೊಂದು ಕೇಬಲ್ ಹೊರಗೋಡೆ ಹಿಡಿದು ಮೇಲೆ ಹೋಗಲಿ, ಅಲ್ಲಿ ಎರಡನೆಯ ಆ್ಯಕ್ಸೆಸ್ ಪಾಯಿಂಟ್ (ವಿಳಾಸ 192.168.1.251). ಮಗನ ಲ್ಯಾಪ್‌ಟಾಪಿಗೆ ಅದರಿಂದ ನೇರ ಒಂದು ಗಿಡ್ಡ ಕೇಬಲ್ ಕೊಟ್ಟರೆ ಇನ್ನೂ ಒಳ್ಳೆಯದು.

ಮೆಶ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಾಗಲಕೋಟೆಯ ನವನಗರದಲ್ಲೋ ಬೆಳಗಾವಿಯ ಹೊಸ ಬಡಾವಣೆಗಳಲ್ಲೋ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯ ಮನೆಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಅಲ್ಲೂ ಎರಡನೆಯ ಡಬ್ಬಿಯನ್ನು ಮೊದಲನೆಯದರ ಸಿಗ್ನಲ್ ಮೈನಸ್ 65ಕ್ಕಿಂತ ಚೆನ್ನಾಗಿರುವಲ್ಲೇ ಇಡಬೇಕು. ನಿಮ್ಮ ಗೋಡೆಗಳ ನಡುವೆ ಮೆಶ್ ಡಬ್ಬಿಗಳೂ ರಿಪೀಟರಿನಂತೆ ಒಂದಕ್ಕೊಂದು ಕಿವುಡಾಗುತ್ತವೆ. ಮುಂದೆ ಯಾವಾಗಲಾದರೂ ಕೊಂಡರೆ ಪ್ರತಿ ಡಬ್ಬಿಗೂ ಲ್ಯಾನ್ ಪೋರ್ಟ್ ಇರುವುದನ್ನೇ ಕೊಳ್ಳಿ. ಈಗ ಎಳೆದ ಕೇಬಲ್ ಅದಕ್ಕೂ ಆಗುತ್ತದೆ. ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರುಗಳನ್ನೂ ಕೆಲವರು ಹೇಳಬಹುದು. ಹಳೆಯ ವೈರಿಂಗು, ನಡುವೆ ಇನ್ವರ್ಟರು, ಮೂರು ಫೇಸಿನಲ್ಲಿ ಹಂಚಿಹೋದ ಖೋಲಿಗಳು ಇರುವ ಕಡೆ ಅವುಗಳನ್ನು ನೆಚ್ಚಲಾಗದು.

ಕೊಟ್ಟಿಗೆಯ ಕ್ಯಾಮೆರಾಕ್ಕೆ ಕೇಬಲ್ ಎಳೆಯಬೇಡಿ. ಎರಡು ಕಟ್ಟಡಗಳ ನಡುವೆ ತೆರೆದ ಬಯಲಲ್ಲಿ ತಾಮ್ರದ ತಂತಿ ತೂಗಿದರೆ, ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೆ ಹತ್ತಿರ ಎಲ್ಲೋ ಬಿದ್ದ ಸಿಡಿಲೂ ಅದರಲ್ಲಿ ಹರಿದು ಬಂದು ಸಾಲಾಗಿ ಎಲ್ಲ ಸಾಧನಗಳ ಪೋರ್ಟು ಸುಡಬಹುದು. ಬದಲಿಗೆ ಮನೆಯ ಹಿಂಗೋಡೆಯ ಹೊರಮೈಗೆ, ಸಜ್ಜದ ಕೆಳಗೆ, ಕೊಟ್ಟಿಗೆಗೆ ಮುಖ ಮಾಡಿ ಒಂದು ಔಟ್‌ಡೋರ್ ಆ್ಯಕ್ಸೆಸ್ ಪಾಯಿಂಟ್ ಕೂರಿಸಿ, ಹಿಂದಿನ ಖೋಲಿಯ ರೌಟರಿನಿಂದ ಅದಕ್ಕೊಂದು ಕೇಬಲ್ ಕೊಡಿ. 60 ಫೂಟ್, ಅಂದರೆ 18 ಮೀಟರ್ ತೆರೆದ ಜಾಗ 2.4 ಗಿಗಾಹರ್ಟ್ಸ್‌ಗೆ ಏನೂ ಅಲ್ಲ. ಇದಕ್ಕೆ ವಿದ್ಯುತ್ತು ಅದೇ ನೆಟ್‌ವರ್ಕ್ ಕೇಬಲ್ಲಿನಲ್ಲೇ ಹೋಗುತ್ತದೆ, ಪಿಒಇ ಇಂಜೆಕ್ಟರ್ ಎಂಬ ಸಣ್ಣ ಡಬ್ಬಿ ಸಾಮಾನ್ಯವಾಗಿ ಪೆಟ್ಟಿಗೆಯಲ್ಲೇ ಬಂದಿರುತ್ತದೆ. 24 ವೋಲ್ಟಿನದಕ್ಕೆ 48 ವೋಲ್ಟಿನ ಇಂಜೆಕ್ಟರ್ ಹಚ್ಚಬೇಡಿ, ಸುಟ್ಟೀತು. ಕೊಟ್ಟಿಗೆಗೆ ತಗಡಿನ ಗೋಡೆ ಇದ್ದರೆ ಕ್ಯಾಮೆರಾವನ್ನು ತಗಡಿನ ಹಿಂದೆ ಕೂರಿಸಬೇಡಿ, ಮನೆ ಕಾಣುವ ತೆರೆದ ಬದಿಯಲ್ಲಿರಲಿ. ಮನೆಬಳಕೆಯ ಹೆಚ್ಚಿನ ಕ್ಯಾಮೆರಾಗಳಿಗೆ 2.4 ಮಾತ್ರ ಗೊತ್ತು. ಜೋಡಣೆ ವೇಳೆ ಮೊಬೈಲ್ 5ರಲ್ಲಿದ್ದರೆ ‘ಸಿಗಲಿಲ್ಲ’ ಎನ್ನುತ್ತವೆ. ಆಗ ಹಿಂದಿನ ಖೋಲಿಯ ರೌಟರಿನ 5 ಗಿಗಾಹರ್ಟ್ಸನ್ನು ಹತ್ತು ನಿಮಿಷ ಬಂದ್ ಮಾಡಿ ಜೋಡಿಸಿಕೊಳ್ಳಿ. ಒಳಗೊಂದು ಮೆಮರಿ ಕಾರ್ಡ್ ಹಾಕಿಸಿ, ನೆಟ್ ಹೋದಾಗಲೂ ದಾಖಲಾಗುತ್ತಿರಲಿ.

ಇದೇ ಬಗೆಯಲ್ಲಿ ಹೊಲದ ಮನೆಗೆ ಒಯ್ಯಬಹುದೇ ಎಂದು ಮುಧೋಳ, ಜಮಖಂಡಿ ಕಡೆಯ ರೈತರು ಕೇಳುವುದುಂಟು. ಒಯ್ಯಬಹುದು, ಎರಡು ತುದಿಗೂ 5 ಗಿಗಾಹರ್ಟ್ಸಿನ ಡಿಶ್ ರೂಪದ ಸಾಧನ ಬೇಕು, ಒಂದಕ್ಕೊಂದು ಕಣ್ಣಿಗೆ ಕಾಣಬೇಕು. ಆದರೆ ಕಬ್ಬು ನಾಟಿ ಮಾಡಿದ ತಿಂಗಳಲ್ಲಿ ಕೂರಿಸಿ ‘ಭಾಳ ಛಲೋ’ ಎಂದವರು ಆರು ತಿಂಗಳಿಗೆ ನೆಟ್ ಹೋಯಿತೆನ್ನುತ್ತಾರೆ. ಹತ್ತು-ಹನ್ನೆರಡು ಫೂಟ್ ಬೆಳೆದ ಕಬ್ಬಿನ ಹಸಿ ಗರಿ ನಡುವೆ ನಿಂತಿರುತ್ತದೆ. ನೋಟ ತೆರೆದಿದ್ದರೆ ಸಾಲದು, ನೋಟದ ಗೆರೆಯ ಕೆಳಗೂ ಜಾಗ ಬೇಕು: 500 ಮೀಟರ್ ದೂರಕ್ಕೆ ನಡುಭಾಗದಲ್ಲಿ ಸುಮಾರು ಎರಡೂವರೆ ಮೀಟರ್. ಅಂದರೆ ಬೆಳೆದ ಕಬ್ಬಿನ ತುದಿಯಿಂದ ಎಂಟು ಫೂಟ್ ಮೇಲೆ, ನೆಲದಿಂದ ಇಪ್ಪತ್ತು ಫೂಟ್ ಎತ್ತರಕ್ಕೆ ಎರಡೂ ಕಡೆ ಕಂಬ.

ಕೊನೆಗೆ ಕರೆಂಟು. ಹೆಸ್ಕಾಂ ಲೈನು ಹೋದಾಗ ಪಡಸಾಲೆಯ ರೌಟರ್ ಇನ್ವರ್ಟರಿನ ಮೇಲೆ ಓಡುತ್ತಿದ್ದು, ಹಿಂದಿನ ಖೋಲಿಯ ಪ್ಲಗ್ಗು ಇನ್ವರ್ಟರ್ ಲೈನಿನಲ್ಲಿ ಇಲ್ಲದಿದ್ದರೆ ಮಗಳ ಕ್ಲಾಸು ಅಲ್ಲಿಗೇ ನಿಲ್ಲುತ್ತದೆ. ಒಂದೊಂದು ಸಾಧನ ಎಳೆಯುವುದು 10 ವ್ಯಾಟ್ ಆಸುಪಾಸು, ನಾಲ್ಕೂ ಸೇರಿ 40. ಇನ್ವರ್ಟರಿಗೆ ಅದು ಭಾರವಲ್ಲ. ಆ ಪ್ಲಗ್ಗುಗಳನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿ ಇನ್ವರ್ಟರ್ ಲೈನಿಗೆ ತೆಗೆದುಕೊಳ್ಳಿ. ಆಗದಿದ್ದರೆ ರೌಟರಿನ ಸಣ್ಣ ಡಿಸಿ ಯುಪಿಎಸ್ ಸಿಗುತ್ತದೆ: 30 ವ್ಯಾಟ್-ಅವರ್ ಬ್ಯಾಟರಿ ಇದ್ದರೆ 10 ವ್ಯಾಟಿನ ರೌಟರ್ ಲೆಕ್ಕಕ್ಕೆ ಮೂರು ಗಂಟೆ, ಬಳಕೆಯಲ್ಲಿ ಎರಡೂವರೆ ಗಂಟೆ ಓಡುತ್ತದೆ. ಕೊಳ್ಳುವ ಮುನ್ನ ರೌಟರಿನ ಅಡಾಪ್ಟರ್ ತಿರುಗಿಸಿ ಓದಿ. 12 ವೋಲ್ಟ್ ಎಂದಿದ್ದರೆ 12ರದೇ ಬೇಕು, 9 ಎಂದಿದ್ದರೆ 9ರದು. ಆಂಪಿಯರ್ ಬರೆದಿರುವುದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಪಿನ್ನಿನ ಒಳಗೆ ಪ್ಲಸ್, ಹೊರಗೆ ಮೈನಸ್ ಎಂಬ ಗುರುತು ಎರಡರಲ್ಲೂ ಒಂದೇ ಇದೆಯೇ ಎಂದು ನೋಡಿಕೊಂಡೇ ಚುಚ್ಚಿ.